ಕುಡಿತ ಬಿಡಲು ಗಡಿ ದಾಟಿದೆವು

ಮೂರು ಕಡೆ ಕರ್ನಾಟಕ, ಒಂದು ಕಡೆ ಆಂಧ್ರ. ಇದು ನಮ್ಮ ಮಡಕಶಿರಾ ಸೀಮೆ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಈ ಗಡಿಗೂ ಹೆಂಡಕ್ಕೂ ಹಳೇ ನಂಟು. 1992ರ ಹೊತ್ತಿಗೆ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿ ವಿರುದ್ಧ ಎದ್ದು ನಿಂತರು. 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾಯರ ಸರ್ಕಾರ ಪೂರ್ಣ ಪಾನನಿಷೇಧವನ್ನೇ ತಂದಿತು. ಆಗ ನಮ್ಮ ಕಡೆಯ ಕುಡುಕರು ಸಂಜೆಯಾದರೆ ಗಡಿ ದಾಟಿ ಕರ್ನಾಟಕದ ಅಂಗಡಿಗಳಿಗೆ ಹೋಗುತ್ತಿದ್ದರು. 1997ರಲ್ಲಿ ನಿಷೇಧ ಸಡಿಲವಾಯ್ತು. 2007ರಲ್ಲಿ ಕರ್ನಾಟಕವೂ ಸಾರಾಯಿ ನಿಲ್ಲಿಸಿತು. ಅಂಗಡಿ ಆಚೆಗೋ ಈಚೆಗೋ ಸರಿಯಿತೇ ಹೊರತು ಕುಡಿಯುವವನ ಒಳಗಿನ ದಾಹ ಸರಿಯಲಿಲ್ಲ.

ಈ ಮಾತು ಬರೆಯಲು ಕಾರಣ ನನ್ನ ಬಾಮೈದ, ಹೆಂಡತಿಯ ತಮ್ಮ. ಬರೆಯೋದಕ್ಕೆ ಅವನು ಒಪ್ಪಿದ್ದಾನೆ. ಹೆಸರು, ಊರು ಮಾತ್ರ ಬೇಡ ಅಂದ. ಅವನದು ರೇಷ್ಮೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಬೀಳಬೇಕು. ಯಜಮಾನ ಕುಡಿದು ಮಲಗಿದರೆ ಹುಳು ಕಾಯುತ್ತದೆಯೇ? ಎರಡು ಬೆಳೆ ಹೋಯಿತು, ಬೋರ್‌ವೆಲ್ ಸಾಲ ಉಳಿಯಿತು, ಹೆಂಡತಿ ಇಬ್ಬರು ಮಕ್ಕಳನ್ನು ಕರ್ಕೊಂಡು ತವರಿಗೆ ಹೋದಳು.

ದೇವರ ಮುಂದೆ ಆಣೆ ಹಾಕಿಸಿದ್ದಾಯ್ತು, ತಾಯತ ಕಟ್ಟಿಸಿದ್ದಾಯ್ತು. ನೆಂಟರೊಬ್ಬರು, ‘ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ’ ಅಂತ ಒಂದು ಪುಡಿ ತಂದರು. ನನ್ನ ಹೆಂಡತಿ ಅದನ್ನು ತಿಪ್ಪೆಗೆ ಎಸೆದಳು. ಅವಳು ಮಾಡಿದ್ದು ಸರಿ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದು ಮೈಯಲ್ಲಿರುವಾಗ ಹೆಂಡ ಬಿದ್ದರೆ ರಕ್ತದ ಒತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ರೋಗಿಗೆ ತಿಳಿಸದೆ ಕೊಡುವಂಥದ್ದಲ್ಲ.

ಕಡೆಗೆ ಅವನೇ ಒಂದು ದಿನ, ‘ಬಿಡ್ತೀನಿ ಭಾವ’ ಅಂದ. ಆದರೆ ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸೋದೂ ಅಪಾಯ. ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಅದಕ್ಕೇ ಮೊದಲು ಆಸ್ಪತ್ರೆ ಸೇರಿಸಿದೆವು. ಬಿಡುಗಡೆಯ ದಿನ ನರ್ಸಮ್ಮ ಹೇಳಿದರು: ‘ಮೈಯಿಂದ ಇಳಿಸೋದು ನಮ್ಮ ಕೆಲಸ. ತಲೆಯಿಂದ ಇಳೀಬೇಕಾದ್ರೆ ಕುಡಿದು ಬಿಟ್ಟವರ ಜೊತೆ ಕೂತ್ಕೋಬೇಕು. ಎ.ಎ. ಮೀಟಿಂಗಿಗೆ ಹೋಗಿ.’

ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಹೆಸರು ಹೇಳಿಕೊಳ್ಳದ ಕುಡಿತದ ರೋಗಿಗಳ ಕೂಟ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರ ಕಷ್ಟ ಒಬ್ಬರು ಕೇಳಿಕೊಂಡು ಶುರು ಮಾಡಿದ್ದು. 1957ರಲ್ಲಿ ಭಾರತಕ್ಕೆ ಬಂತು.

ವಿಚಾರಿಸಿದಾಗ ಮೊದಲು ಸಿಕ್ಕಿದ್ದು ತೆಲುಗು ಮೀಟಿಂಗಿನ ವಿಳಾಸ. ಬಾಮೈದ ಒಪ್ಪಲಿಲ್ಲ. ‘ತೆಲುಗಲ್ಲಿ ವ್ಯಾಪಾರ ಮಾಡ್ತೀನಿ ಭಾವ, ಅಳೋದಕ್ಕೆ ಬರಲ್ಲ’ ಅಂದ. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಆ ಮಾತು ಎದೆಗೆ ನಾಟಿತು. ಬೆಂಗಳೂರಿನ ಕನ್ನಡ ಮೀಟಿಂಗಿಗೆ ಫೋನ್ ಮಾಡಿದೆವು. ಎತ್ತಿದವರು ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ‘ಕೆಲವು ಮೀಟಿಂಗು ಕುಡಿತದವರಿಗೆ ಮಾತ್ರ. ಭಾನುವಾರದ್ದು ಓಪನ್ ಮೀಟಿಂಗು, ಮನೆಯವರೂ ಬರಬಹುದು’ ಎಂದರು. ಶಿರಾ, ತುಮಕೂರು ಹಾದು ಹೋದೆವು.

ಸಣ್ಣ ಕೋಣೆ, ಪ್ಲಾಸ್ಟಿಕ್ ಕುರ್ಚಿ, ಟೀ. ಇಪ್ಪತ್ತು ಜನ ಇದ್ದರು. ಒಬ್ಬೊಬ್ಬರೂ ಹೆಸರು ಹೇಳಿ, ‘ನಾನು ಕುಡಿತದ ರೋಗಿ’ ಎಂದು ತಮ್ಮ ಪಾಡು ಹೇಳಿಕೊಂಡರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ದೇವರ ಮಾತು ಬರುತ್ತೆ, ಯಾವ ದೇವರು ಅನ್ನೋದು ಅವರವರಿಗೆ ಬಿಟ್ಟದ್ದು. ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು ಎಂಬುದು ಕಟ್ಟಳೆ. ಅದಕ್ಕೆ ಯಾರ ಕತೆಯನ್ನೂ ನಾನಿಲ್ಲಿ ಬರೆಯುತ್ತಿಲ್ಲ. ಕೊನೆಗೆ ಕಾಸಿನ ಚೀಲ ಬಂತು. ನಾನು ಜೇಬಿಗೆ ಕೈ ಹಾಕಿದರೆ ಪಕ್ಕದವರು ತಡೆದರು: ‘ನಿಮ್ಮದು ಬೇಡಿ ಯಜಮಾನ್ರೇ, ಇದು ನಮ್ಮ ಖರ್ಚು.’ ಹೊರಗಿನವರ ದುಡ್ಡು ಅವರು ಮುಟ್ಟೋದಿಲ್ಲ.

ಬಾಮೈದ ಒಂದೂವರೆ ಗಂಟೆ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಎದ್ದ. ಹೆಸರು ಹೇಳಿದ. ಮುಂದೆ ಮಾತು ಹೊರಡಲಿಲ್ಲ, ಅತ್ತ. ಅಷ್ಟೂ ಜನ ಸುಮ್ಮನೆ ಕಾದರು. ‘ಜನ್ಮಪೂರ್ತಿ ಬಿಡ್ತೀನಿ ಅನ್ನಬೇಡಿ. ಇವತ್ತೊಂದು ದಿನ ಕುಡೀಬೇಡಿ. ನಾಳೇದು ನಾಳೆ’ ಎಂದರು ಒಬ್ಬ ಹಿರಿಯರು.

ಇದು ಬರೀ ನಂಬಿಕೆಯ ಮಾತಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 27 ಅಧ್ಯಯನಗಳನ್ನು ತೂಗಿ ನೋಡಿದ ಕಾಕ್ರೇನ್ ವರದಿ 2020ರಲ್ಲಿ ಬಂತು. ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ ಈ ದಾರಿ ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವೆಡೆ ಒಂದು ಕೈ ಮೇಲು ಎಂದು ಅದು ಹೇಳಿತು.

ಈಗ ಏಳು ತಿಂಗಳು. ನಡುವೆ ಒಮ್ಮೆ ಜಾರಿದ. ಮರುವಾರ ಹೋಗಿ ಅದನ್ನೇ ಹೇಳಿಕೊಂಡ. ಹೆಂಡತಿ ಇನ್ನೂ ಬಂದಿಲ್ಲ, ಮಕ್ಕಳು ರಜೆಗೆ ಬಂದು ಹೋದರು. ಆದರೆ ಪ್ರತಿ ವಾರ ಬಸ್ ಚಾರ್ಜು, ಒಂದು ದಿನದ ಕೆಲಸ ಕೈಬಿಡೋದು ಎಷ್ಟು ಜನರಿಂದ ಆದೀತು? ಎ.ಎ. ನಿಯಮದಲ್ಲಿ ಇಬ್ಬರು ಮೂವರು ಸೇರಿದರೆ ಅದೇ ಗುಂಪು. ಸರ್ಕಾರದ ಅಪ್ಪಣೆ ಬೇಡ, ಫೀಜು ಬೇಡ. ಬಾಮೈದನಿಗೆ ಪಕ್ಕದ ಊರಿನ ಒಬ್ಬರು ಜೊತೆ ಸಿಕ್ಕಿದ್ದಾರೆ. ಅಗಳಿಯಲ್ಲೋ ರೊಳ್ಳದಲ್ಲೋ ಯಾರಾದರೂ ವಾರಕ್ಕೊಂದು ಸಂಜೆ ಒಂದು ಕೋಣೆಯ ಬೀಗದ ಕೈ ಕೊಟ್ಟರೆ ಸಾಕು, ಬಾಡಿಗೆ ಅವರೇ ಕಟ್ಟುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿ ಈ ಕಷ್ಟ ಇರುವವರು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಕೇಳಬಹುದು. ಗಡಿಯ ಈಚೆ ಕನ್ನಡ ಶಾಲೆ ಬೇಕು ಅಂತ ಕೇಳುತ್ತಲೇ ಬಂದಿದ್ದೇವೆ. ಕನ್ನಡದಲ್ಲಿ ಕಷ್ಟ ಹೇಳಿಕೊಳ್ಳುವ ಒಂದು ಕೋಣೆಯನ್ನೂ ಕೇಳೋಣ.