ಪೆಲೆ ನಿಂತಿರುವ ಬೀದಿಯಲ್ಲಿ

ನಮ್ಮ ಚಿತ್ತಾಪುರ ಸೀಮೆಯವರು ವಾಡಿ ಜಂಕ್ಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಪಯಣಿಸುವುದು ಸಾಮಾನ್ಯವಾಗಿ ವರ್ಗಾವಣೆಯ ಕಾಗದಕ್ಕಾಗಿ, ಮಗನ ಕಾಲೇಜಿಗಾಗಿ, ಇಲ್ಲವೇ ವೈದ್ಯರ ಸಲುವಾಗಿ. ಒಂದು ಪ್ರತಿಮೆಯನ್ನು ನೋಡುವ ನಿಮಿತ್ತ ರಾತ್ರಿಯ ನಿದ್ರೆಗೆಟ್ಟು ಹೋದವನು ನಾನೊಬ್ಬನೇ ಇರಬೇಕೆಂಬುದು ಮನೆಯಾಕೆಯ ಅಭಿಪ್ರಾಯ.

ಹಲಸೂರಿಗೆ ಹೊಂದಿಕೊಂಡಿರುವ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಸಾಲಿನಲ್ಲಿಯೇ ಬ್ರೆಜಿಲ್ ದೇಶದ ಫುಟ್‌ಬಾಲ್ ಆಟಗಾರ ಪೆಲೆಯೂ ನಿಂತಿದ್ದಾನೆ. ಕರುಣೆ, ಸಮಾನತೆ, ಸೇವೆಗಳೊಡನೆ ಆಟವೂ ಪೂಜಾರ್ಹವೆಂದು ಬಗೆದ ಈ ಬಡಾವಣೆಯ ಜನ, ವಿಶ್ವಕಪ್ಪಿನ ಋತುವಿನಲ್ಲಿ ಬೀದಿಗೆ ಬೀದಿಯನ್ನೇ ಹಳದಿ ಹಸಿರು ಬಾವುಟಗಳಿಂದ ಸಿಂಗರಿಸಿ, ರಸ್ತೆಯಲ್ಲಿ ಪರದೆ ಕಟ್ಟಿ, ಸಹಸ್ರಾರು ಮೈಲಿಗಳಾಚೆಯ ಆಟವನ್ನು ಬೆಳಗಿನ ಜಾವದವರೆಗೆ ನೋಡುತ್ತಾರೆ.

ಇದರ ಪೂರ್ವೇತಿಹಾಸ ದಂಡಿನ ಇತಿಹಾಸವೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದರು. ಸಿಪಾಯಿಗಳೊಡನೆ ಚೆಂಡೂ ಬಂದಿತು. ಸೋಲ್ಜರುಗಳ ಪಂಗಡದಲ್ಲಿ ಆಳು ಕಡಮೆಯಾದ ದಿನ ಅಂಚಿನಲ್ಲಿ ನಿಂತ ಕೂಲಿಯ ಮಗನನ್ನೇ ಕೈಬೀಸಿ ಕರೆಯುತ್ತಿದ್ದರೆಂದು ಹಿರಿಯರು ಹೇಳುವುದುಂಟು. ನಾನು ಮೈದಾನದ ಕಟ್ಟೆಯ ಮೇಲೆ ಕಂಡ ವೃದ್ಧರೊಬ್ಬರ ಪ್ರಕಾರ ಇಷ್ಟೇ ಚರಿತ್ರೆ. ಉಳಿದುದೆಲ್ಲ ಕಾಲಿನ ಸಮಾಚಾರ.

ಆ ಕಾಲಿಗಾಗಿಯೇ ನಾನು ಅಷ್ಟು ದೂರ ಹೋದದ್ದು. 1948ರ ಜುಲೈ 31ರಂದು ಲಂಡನ್ನಿಗೆ ಸೇರಿದ ಇಲ್ಫರ್ಡಿನ ಮೈದಾನದಲ್ಲಿ, ಒಲಿಂಪಿಕ್ ಪಂದ್ಯವೊಂದರಲ್ಲಿ, ಭಾರತವು ಫ್ರಾನ್ಸಿಗೆ ಎದುರಾಗಿ ಆಡಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಪಾದಕ್ಕೆ ಬ್ಯಾಂಡೇಜು ಸುತ್ತಿದ್ದೇ ಅವರ ಕವಚ. ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ, ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದ ಗೋಲಿನಿಂದ ಆಟ ಸಮವಾಯಿತು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು ಗೆದ್ದಿತೆಂಬುದು ನಿಜ. ಆದರೆ ಸೋತ ಪಂದ್ಯದ ನೆನಪು ಗೆದ್ದ ಪಂದ್ಯಕ್ಕಿಂತ ದೀರ್ಘಾಯುವಾಗುವುದೂ ನಿಜ.

ಬರಿಗಾಲಿನಿಂದ ಚೆಂಡನ್ನು ಹೊಡೆಯುವುದು ಹೇಗೆಂದು ಕೇಳಿದೆ. ವೃದ್ಧರು ಎಡಗಾಲಿನ ಚಪ್ಪಲಿಯನ್ನು ಕಳಚಿ, ಹೆಬ್ಬೆರಳಿನ ಬುಡದಿಂದ ಪಾದದ ಕಮಾನಿನವರೆಗಿನ ಮೂಳೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಬೆರಳಲ್ಲಿ ಹೊಡೆದ್ರೆ ಉಗುರು ಹೋಗುತ್ತೆ ಸಾರ್, ಇಲ್ಲಿ ಹೊಡೀಬೇಕು. ಬೆರಳನ್ನ ಒಳಕ್ಕೆ ಮಡಚಿಕೋಬೇಕು," ಎಂದು ಆ ಬೆರಳುಗಳನ್ನು ಮುಷ್ಟಿಯಂತೆ ಮಡಚಿಯೂ ತೋರಿಸಿದರು. ಅಂದಿನ ಚೆಂಡು ಚರ್ಮದ್ದು. ಒಳಗಿನ ಬ್ಲಾಡರಿಗೆ ಗಾಳಿ ತುಂಬಿ ಬಾಯನ್ನು ದಾರದಿಂದ ಹೆಣೆದು ಬಿಗಿಯುತ್ತಿದ್ದರು. ಆ ಹೆಣಿಗೆ ತಲೆಗೆ ತಾಗಿದರೆ ಹಣೆಯ ಮೇಲೆ ಬರೆ. ಒಣನೆಲದಲ್ಲಿ ಬರಿಗಾಲು ಚೆಂಡಿನ ಮೈಯನ್ನು ಕೈಯಂತೆ ಸವರಿ ತಿಳಿಯಬಲ್ಲುದು. ಮಳೆ ಬಿದ್ದಿತೆಂದರೆ ಚರ್ಮ ನೀರು ಕುಡಿದು ಭಾರವಾಗಿ, ಅದೇ ಕಾಲು ಕೆಸರಿನಲ್ಲಿ ಜಾರುತ್ತದೆ.

ಅದೇ ಬರಿಗಾಲಿನ ಪರಂಪರೆಯ ಅಹಮದ್ ಖಾನರನ್ನು ಜನ ಹಾವಾಡಿಗನೆಂದು ಕರೆದರು. ಬೆಂಗಳೂರಿನವರಾದ ಇವರು 1949ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ಮುಂಚೂಣಿಯ 'ಪಂಚಪಾಂಡವ'ರಲ್ಲಿ ಒಬ್ಬರೆನಿಸಿದರು. 1952ರ ಒಲಿಂಪಿಕ್ಸಿನಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ, ಯುಗೋಸ್ಲಾವಿಯ ಹತ್ತು ಗೋಲುಗಳನ್ನು ಹೊಡೆದಾಗ ಭಾರತದ ಪಾಲಿನ ಏಕೈಕ ಗೋಲು ಇವರದೇ. ಆ ಪರಾಭವದ ತರುವಾಯ ಬೂಟು ಕಡ್ಡಾಯವಾಯಿತು.

ಊರಿನ ಮನುಷ್ಯನಾದ ನನಗೆ ಇಲ್ಲಿ ಬೇರೊಂದು ಲೆಕ್ಕ ಹೊಳೆಯಿತು. ರಾಮನ್ ಗೋಲು ಹೊಡೆದ ದಿನ ಚಿತ್ತಾಪುರವಾಗಲಿ, ಸೇಡಂ, ಚಿಂಚೋಳಿ, ಶಹಾಬಾದುಗಳಾಗಲಿ ಭಾರತದಲ್ಲಿ ಇರಲಿಲ್ಲ! ನಿಜಾಮನ ರಾಜ್ಯಕ್ಕೆ ಸೇರಿದ ನಾವು, ರಜಾಕಾರರ ಭಯದಲ್ಲಿ ಬಾಗಿಲ ಅಗುಳಿ ಹಾಕಿ ಕುಳಿತಿದ್ದೆವು. ನಾವು ಭಾರತಕ್ಕೆ ಸೇರಿದ ಸೆಪ್ಟೆಂಬರ್ 17 ಬರಲು ಇನ್ನೂ ನಾಲ್ವತ್ತೆಂಟು ದಿನಗಳಿದ್ದುವು. ಆದುದರಿಂದ ಆ ಮೊದಲ ಗೋಲು ನಮಗೆ ಪೂರ್ವಾನ್ವಯವಾಗಿ ದಕ್ಕಿದ ಆಸ್ತಿ. ಅನಂತರವೂ ನಮ್ಮ ರಾಜಧಾನಿ 1956ರವರೆಗೆ ಹೈದರಾಬಾದೇ ಆಗಿತ್ತಷ್ಟೆ. ಸೈಯದ್ ಅಬ್ದುಲ್ ರಹೀಮರ ಶಿಕ್ಷಣದಲ್ಲಿ ಹೈದರಾಬಾದ್ ಸಿಟಿ ಪೋಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಾಗ ಅದು ನಮ್ಮದೇ ಜಯವಾಗಿತ್ತು. ಅದೇ ಕಪ್ಪನ್ನು 1937 ಮತ್ತು 1938ರಲ್ಲಿ, ಮತ್ತೆ 1948ರಲ್ಲಿ, ಗೆದ್ದು ತಂದದ್ದು ಬೆಂಗಳೂರು ಮುಸ್ಲಿಮ್ಸ್ ಕ್ಲಬ್ಬು. ಭಾಷಾವಾರು ವಿಂಗಡಣೆಯ ಕೃಪೆಯಿಂದ ಎರಡು ಕಡೆಯ ಹೆಮ್ಮೆಯನ್ನೂ ಉಪಭೋಗಿಸುವ ಸೌಲಭ್ಯ ನಮಗಿದೆ.

ಕ್ಲಬ್ಬುಗಳು ಬದುಕುವ ಬಗೆಯನ್ನು ಕುರಿತು ಹೆಚ್ಚು ಬರೆಯಲಾರೆ. ಚಂದಾ, ಹಳೆಯ ಆಟಗಾರರ ಔದಾರ್ಯ, ಬೆಳಗಿನ ಅಭ್ಯಾಸ, ಇಷ್ಟೇ ಬಂಡವಾಳ. ಒಂದು ಕಾಲಕ್ಕೆ ಚೆನ್ನಾಗಿ ಆಡಿದ ಹುಡುಗನನ್ನು ಎಚ್.ಎ.ಎಲ್., ಐ.ಟಿ.ಐ.ಗಳಂಥ ಕಾರ್ಖಾನೆಯ ತಂಡಗಳು ಕೆಲಸ ಕೊಟ್ಟು ಕರೆದುಕೊಳ್ಳುತ್ತಿದ್ದುವು. ಕಾಲಿನ ಕಸುಬಿಗೆ ಪಿಂಚಣಿಯಿತ್ತು. ಆ ಬಾಗಿಲು ಕಿರಿದಾದಂತೆ ತಾಯಂದಿರ ಮನಸ್ಸೂ ಮೈದಾನದಿಂದ ಟ್ಯೂಷನ್ನಿನ ಕಡೆಗೆ ತಿರುಗಿತು. ರಾಜ್ಯವು ಸಂತೋಷ್ ಟ್ರೋಫಿಯನ್ನು ಮೈಸೂರೆಂಬ ಹೆಸರಿನಲ್ಲಿ ನಾಲ್ಕು ಸಲ ಗೆದ್ದು, 1968–69ರ ಬಳಿಕ 54 ವರ್ಷ ಕಾದು, 2023ರ ಮಾರ್ಚ್ 4ರಂದು ದೂರದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಪಡೆಯಿತು. ಆ ಸುದ್ದಿ ನಮ್ಮ ಊರಿನ ಚಹದ ಅಂಗಡಿಗೆ ತಲುಪಲೇ ಇಲ್ಲ.

ವೇಲ್ಸ್ ದೇಶದ ಲಾನೆಲ್ಲಿ ಎಂಬ ಊರಿನ ಸಂಗತಿ ಇಲ್ಲಿ ಸ್ಮರಣೀಯ. ತವರ ಲೇಪಿಸಿದ ತಗಡಿನ ಕಾರ್ಖಾನೆಗಳ ಊರದು. ಅಲ್ಲಿಯ ರಗ್ಬಿ ಮೈದಾನದ ಗೋಲುಕಂಬಗಳ ತುದಿಯಲ್ಲಿ ತಮ್ಮ ಕಸುಬಿನ ಗುರುತಾಗಿ ಅಡಿಗೆಯ ಬೋಗುಣಿಗಳನ್ನೇ ಸಿಕ್ಕಿಸಿದ್ದರು. 1972ರ ಅಕ್ಟೋಬರ್ 31ರಂದು ಆ ಕ್ಲಬ್ಬು ನ್ಯೂಜಿಲೆಂಡಿನ ರಾಷ್ಟ್ರತಂಡವನ್ನು 9–3ರಿಂದ ಮಣಿಸಿತು. ಶಹಾಬಾದಿನ ಫರಸಿಕಲ್ಲು ದೇಶದ ಎಷ್ಟು ಮನೆಗಳ ನೆಲವಾಗಿದೆ! ವಾಡಿಯ ಸಿಮೆಂಟು ಎಷ್ಟು ಕ್ರೀಡಾಂಗಣಗಳ ಮೆಟ್ಟಿಲಾಗಿದೆಯೋ! ಆ ಕಲ್ಲನ್ನು, ಆ ಸಿಮೆಂಟನ್ನು ತನ್ನ ಗುರುತೆಂದು ಅಂಗಿಯ ಮೇಲೆ ಧರಿಸಿ ಆಡುವ ತಂಡವೊಂದನ್ನು ಕಲ್ಪಿಸಿಕೊಳ್ಳುತ್ತ ಹಿಂದಿರುಗಿದೆ.

ಚಿತ್ತಾಪುರಕ್ಕೆ ಬಂದ ಸಂಜೆ, ನಮ್ಮ ಓಣಿಯಲ್ಲಿ ಹುಡುಗರು ಒಡೆದ ಫರಸಿಯ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ ವಿಕೆಟ್ಟು ಮಾಡಿಕೊಂಡು ಆಡುತ್ತಿದ್ದರು. ರಬ್ಬರಿನ ಚೆಂಡು ಉರುಳಿ ನನ್ನ ಕಾಲಬಳಿಗೆ ಬಂದಿತು. "ಕಾಕಾ, ಚೆಂಡ ಒಗೀರಿ!" ಎಂದು ಒಬ್ಬ ಕೂಗಿದ. ನಾನು ಚಪ್ಪಲಿ ಕಳಚಿ, ಬೆರಳು ಒಳಕ್ಕೆ ಮಡಚಿ, ಪಾದದ ಕಮಾನಿನಿಂದ ಹೊಡೆದೆ. ಚೆಂಡು ನೇರವಾಗಿ ಚರಂಡಿಗೆ ಹೋಯಿತು.