ನಿಮಗಿದು ಗೊತ್ತೇ? ಕಿರುಗುಟ್ಟದ ಗಿಟಾರ್ ತಂತಿ!

● ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಯ ಉದ್ದಕ್ಕೂ ಉಗುರು ಎಳೆದು ನೋಡಿ. ‘ಝರ್ರ್’ ಎಂದರೆ ಅದು ರೌಂಡ್‌ವೂಂಡ್: ಒಳಗಿನ ಉಕ್ಕಿನ ಎಳೆಗೆ ಸಣ್ಣ ಗುಂಡು ತಂತಿಯನ್ನು ಸುತ್ತಿರುತ್ತಾರೆ. ಉಗುರು ಸದ್ದಿಲ್ಲದೆ ಜಾರಿದರೆ ಅದು ಫ್ಲಾಟ್‌ವೂಂಡ್: ಸುತ್ತಿರುವುದು ಚಪ್ಪಟೆ ಲೋಹದ ಪಟ್ಟಿ.

● ಫ್ಲಾಟ್‌ವೂಂಡ್ ಸೆಟ್ ಕೊಂಡರೂ ಆರಕ್ಕೆ ಆರು ತಂತಿ ಚಪ್ಪಟೆ ಸುತ್ತಿನವಲ್ಲ. ತೆಳುವಾದ ಮೊದಲೆರಡು ತಂತಿಗಳಿಗೆ ಸುತ್ತೇ ಇರುವುದಿಲ್ಲ. ಅವು ಬರಿಯ ಉಕ್ಕು.

● ಮಂದ್ರ ತಂತಿಗೆ ಸುತ್ತು ಏಕೆ ಬೇಕು? ತಗ್ಗಿನ ಸ್ವರಕ್ಕೆ ತಂತಿ ಭಾರವಾಗಿರಬೇಕು. ಒಂದೇ ದಪ್ಪ ಉಕ್ಕು ಹಾಕಿದರೆ ಅದು ಸರಳಿನಂತೆ ಬಿಗುವಾಗಿ, ಉಪಸ್ವರಗಳು ಶ್ರುತಿ ತಪ್ಪುತ್ತವೆ. ಸುತ್ತು ಭಾರವನ್ನು ಕೊಡುತ್ತದೆ, ಬಳುಕನ್ನು ಉಳಿಸುತ್ತದೆ.

● ನಮ್ಮ ಕಛೇರಿಗಳ ಪಿಟೀಲಿನಲ್ಲೂ ಲೋಹ ಸುತ್ತಿದ ತಂತಿಗಳ ಹೊರಮೈ ಚಪ್ಪಟೆ ಪಟ್ಟಿಯದೇ. ಏರುತಗ್ಗಿನ ಮೈಯ ಮೇಲೆ ಕಮಾನು ನುಣುಪಾಗಿ ಸಾಗದು. 1919ರಲ್ಲಿ ಆರಂಭವಾದ ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್ ಕಂಪನಿ ಪಿಟೀಲಿನ ತಂತಿಯನ್ನೂ ತಯಾರಿಸುತ್ತದೆ, ಜಾಝ್ ಗಿಟಾರಿನ ಫ್ಲಾಟ್‌ವೂಂಡ್‌ಗಳನ್ನೂ ತಯಾರಿಸುತ್ತದೆ.

● ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್‌ಗೊಮೆರಿ ದಪ್ಪ ಫ್ಲಾಟ್‌ವೂಂಡ್‌ಗಳನ್ನು ಪಿಕ್ ಇಲ್ಲದೆ, ಬರಿ ಹೆಬ್ಬೆರಳಿನಿಂದ ಮೀಟುತ್ತಿದ್ದರು. ಅವರ ದುಂಡಗಿನ, ಬೆಚ್ಚಗಿನ ನಾದದಲ್ಲಿ ಎರಡಕ್ಕೂ ಪಾಲಿದೆ.

● ಅಮೆರಿಕದ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೂಂಡ್ ಹಾಕುತ್ತಿದ್ದರು. ತಂತಿ ತುಂಡಾಗುವ ತನಕ ಬದಲಿಸುತ್ತಿರಲಿಲ್ಲ. ಮೀಟಲು ಬಳಸುತ್ತಿದ್ದುದು ಒಂದೇ ತೋರುಬೆರಳು!

● ಫ್ಲಾಟ್‌ವೂಂಡ್ ಎಂದರೆ ಮೆಲುದನಿ ಮಾತ್ರ ಎಂಬುದು ತಪ್ಪು. ಅಬ್ಬರದ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಬಳಸುವುದೂ ಇದನ್ನೇ.

● ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಲೋಹಕ್ಕೆ ಸಾಮಾನ್ಯವಾಗಿ ‘ನಿಕಲ್ ಸಿಲ್ವರ್’ ಎಂದು ಹೆಸರು. ಅದರಲ್ಲಿ ಬೆಳ್ಳಿ ಇಲ್ಲ! ತಾಮ್ರ, ನಿಕಲ್, ಸತುವಿನ ಮಿಶ್ರಣವದು. ರೌಂಡ್‌ವೂಂಡ್‌ನ ಏರುತಗ್ಗುಗಳು ಅದನ್ನು ಅರದಂತೆ ಉಜ್ಜುತ್ತವೆ. ಚಪ್ಪಟೆ ಮೈ ಅಷ್ಟು ಸವೆಸುವುದಿಲ್ಲ.

● ಫ್ಲಾಟ್‌ವೂಂಡ್‌ನ ಸುತ್ತುಗಳ ನಡುವೆ ಸಂದಿಲ್ಲದ ಕಾರಣ ಬೆವರು, ಕೊಳೆ ಸುಲಭವಾಗಿ ಕೂರುವುದಿಲ್ಲ. ಬೆಲೆ ಹೆಚ್ಚಾದರೂ ಬಾಳಿಕೆಯೂ ಹೆಚ್ಚು.

● ಸಾಮಾನ್ಯ ಎಲೆಕ್ಟ್ರಿಕ್ ಸೆಟ್ಟಿನ ಮೊದಲ ತಂತಿ 0.009 ಅಥವಾ 0.010 ಇಂಚು. ಫ್ಲಾಟ್‌ವೂಂಡ್‌ಗಳಲ್ಲಿ 0.011, 0.012 ಸೆಟ್‌ಗಳೇ ಹೆಚ್ಚು ಪ್ರಚಲಿತ. ದಪ್ಪ ಏರಿದರೆ ಎಳೆತವೂ ಏರಿ ಗಿಟಾರಿನ ಕತ್ತು ಮುಂದಕ್ಕೆ ಬಾಗುತ್ತದೆ. ಕತ್ತಿನೊಳಗಿನ ಸರಳಾದ ಟ್ರಸ್ ರಾಡನ್ನು ಹೊಂದಿಸಬೇಕು. ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನ ಗೀರುಗಳನ್ನು ಅಗಲಿಸಬೇಕಾಗಬಹುದು.

● ಕೊಳ್ಳುವಾಗ ಮೂರನೆಯ ತಂತಿಯನ್ನು ನೋಡಿಯೇ ಕೊಳ್ಳಿ. ರಾಕ್ ವಾದಕರ ಸೆಟ್‌ಗಳಲ್ಲಿ ಅದಕ್ಕೆ ಸುತ್ತಿರುವುದಿಲ್ಲ. ಫ್ಲಾಟ್‌ವೂಂಡ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಸುತ್ತಿದ ತಂತಿಯ ಒಳ ಎಳೆ ತೆಳು. ಅಷ್ಟೇ ದೂರ ಪಕ್ಕಕ್ಕೆ ತಳ್ಳಿದರೂ ಸ್ವರ ಕಡಿಮೆ ಏರುತ್ತದೆ. ಬ್ರಿಡ್ಜ್‌ನಲ್ಲಿ ಆ ತಂತಿಯ ಶ್ರುತಿಯನ್ನೂ ಮತ್ತೆ ಹೊಂದಿಸಬೇಕು.

● ಆದ್ದರಿಂದ ಗಿಟಾರಿನಲ್ಲಿ ಗಮಕ ನುಡಿಸುವವರಿಗೆ ಇದು ಕೊಡುಕೊಳ್ಳುವ ವ್ಯವಹಾರ. ಜಾರುವಿನಲ್ಲಿ ಬೆರಳಿನ ಕಿರುಗುಟ್ಟುವಿಕೆ ಅಡಗುತ್ತದೆ. ತಂತಿಯನ್ನು ಎಳೆದು ನುಡಿಸುವ ಕಡೆ ಬೆರಳಿಗೆ ಶ್ರಮ ಹೆಚ್ಚುತ್ತದೆ.

● ತಂತಿಯ ಕಂಪನವನ್ನು ಹಿಡಿಯುವ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಕೆಲಸ ಮಾಡುವುದು ಅಯಸ್ಕಾಂತದಿಂದ. ತಂತಿಗೆ ಸುತ್ತಿರುವುದು ಕಂಚಾದರೆ ಆ ಸುತ್ತಿಗೆ ಅದು ಸ್ಪಂದಿಸದು. ಪೊಟ್ಟಣದ ಮೇಲೆ ಉಕ್ಕು ಅಥವಾ ನಿಕಲ್ ಎಂದು ಬರೆದಿದೆಯೇ ನೋಡಿ.

● ನಡುದಾರಿಯೂ ಉಂಟು. ರೌಂಡ್‌ವೂಂಡ್‌ನ ಹೊರಮೈಯನ್ನು ಉಜ್ಜಿ ನಯಗೊಳಿಸಿದ ‘ಹಾಫ್‌ರೌಂಡ್’ ತಂತಿಗಳಲ್ಲಿ ನುಣುಪೂ ಇದೆ, ಒಂದಿಷ್ಟು ಹೊಳಪಿನ ದನಿಯೂ ಇದೆ.

● ಫ್ಲಾಟ್‌ವೂಂಡ್ ಹಾಕುವಾಗ ಹೆಚ್ಚುವರಿ ತುದಿಯನ್ನು ನೇರವಾಗಿ ಕತ್ತರಿಸಬೇಡಿ! ಮೊದಲು ಚೂಪಾಗಿ ಮಡಿಸಿ, ಮಡಿಕೆಯ ಆಚೆಗೆ ಕತ್ತರಿಸಿ. ಇಲ್ಲವಾದರೆ ಪಟ್ಟಿ ಬಿಚ್ಚಿಕೊಂಡು ತಂತಿಯ ದನಿ ಸತ್ತುಹೋಗುತ್ತದೆ.

● ಹಾಕಿದ ಮೊದಲ ದಿನ ದನಿ ಮಂಕು ಎನಿಸಿದರೆ ಕಿತ್ತೆಸೆಯಬೇಡಿ. ರೌಂಡ್‌ವೂಂಡ್‌ಗೆ ಒಗ್ಗಿಸಿದ್ದ ಆಂಪ್ಲಿಫೈಯರಿನ ಟ್ರೆಬಲ್ ತುಸು ಏರಿಸಿ, ಒಂದು ವಾರ ನುಡಿಸಿ. ಬೆರಳಿನ ಸದ್ದು ಹೋದ ಜಾಗದಲ್ಲಿ ಸ್ವರವೊಂದೇ ನಿಂತಿರುವುದು ಆಗ ಕೇಳುತ್ತದೆ.