ಬಿರುಗಾಳಿಯೂ ಮನೆಯ ಮಾಡೂ

ಮನೆಯ ಮಾಡು ಬೀಳದಿರಲೆಂದು ನಾವು ಕಂಬ ನಿಲ್ಲಿಸುತ್ತೇವೆ, ತೊಲೆ ಕೊಡುತ್ತೇವೆ. ಅದು ಹಾರದಿರಲೆಂದು ಏನು ಮಾಡಿದ್ದೇವೆ? ಭಾರವೆಂಬುದು ಮೇಲಿನಿಂದ ಕೆಳಕ್ಕೆ ಎಂದು ಭಾವಿಸುವುದೇ ನಮಗೆ ರೂಢಿಯಾಗಿರುವುದರಿಂದ ಈ ಪ್ರಶ್ನೆ ನಮಗೆ ಹೊಳೆಯುವುದೇ ಅಪರೂಪ. ಬಿರುಗಾಳಿಯ ನಡೆ ಬೇರೆ. ಅದು ಗೋಡೆಗೆ ಬಡಿದು, ಮಾಡಿನ ಮೇಲೆ ರಭಸದಿಂದ ಹಾಯುವಾಗ ಅಲ್ಲಿ ಒತ್ತಡ ತಗ್ಗುತ್ತದೆ. ಒಳಗಿನ ಗಾಳಿ ಮಾಡನ್ನು ಮೇಲಕ್ಕೆ ನೂಕುತ್ತದೆ. ಹಗುರವಾದ ಮಾಡು ಗಾಳಿಗೆ ಬೀಳುವುದಿಲ್ಲ, ಏಳುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹೇಳಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಬಲ ನಾಲ್ವಡಿಯಾಗುತ್ತದೆ. ಸೆಕೆಂಡಿಗೆ ೨೦ ಮೀಟರು ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು ೨೫ ಕಿಲೋ ತೂಕಕ್ಕೆ ಸಮ; ೪೦ ಮೀಟರಾದರೆ ಸುಮಾರು ೧೦೦ ಕಿಲೋ. ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನಕ ಐಎಸ್ ೮೭೫ರ ಮೂರನೆಯ ಭಾಗವು ಗಾಳಿಯ ಮೂಲವೇಗವನ್ನು ಬೆಂಗಳೂರಿಗೆ ೩೩ ಮೀಟರು, ಮಂಗಳೂರಿಗೆ ೩೯ ಮೀಟರು ಎಂದು ಗೊತ್ತುಮಾಡಿದೆ. ಗಂಟೆಯ ಲೆಕ್ಕದಲ್ಲಿ ಇವು ಸುಮಾರು ೧೧೯ ಮತ್ತು ೧೪೦ ಕಿಲೋಮೀಟರು. ಮಂಗಳೂರು ಹೆಂಚಿಗೆ ಚದರ ಮೀಟರಿಗೆ ೪೦ ಕಿಲೋ ಆಸುಪಾಸು ತೂಕವುಂಟು. ತೆಳ್ಳನೆಯ ತಗಡಿನ ಶೀಟಿಗೆ ೫ ಕಿಲೋ ಇದ್ದರೆ ಹೆಚ್ಚು. ಎಂದ ಮೇಲೆ ಶೀಟಿನ ಮೇಲೆ ನಾಲ್ಕು ಕಲ್ಲು ಹೇರಿ ನಿಶ್ಚಿಂತರಾಗುವುದು ಎಂಥ ಭ್ರಮೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೀದಿಯಲ್ಲಿ ಒಂದು ತಾರಸಿಯ ಮೇಲೆ ಶೀಟು ಹೊದಿಸಿದ ಬಾಡಿಗೆ ಕೋಣೆಯಿದೆ. ಕಳೆದ ವೈಶಾಖದ ಒಂದು ಸಂಜೆ ಮಳೆಗೆ ಮುಂಚೆ ಎದ್ದ ಗಾಳಿಯಲ್ಲಿ ಅದರ ಒಂದು ಶೀಟು ಕಳಚಿ, ಎರಡು ಮನೆಗಳನ್ನು ದಾಟಿ, ತುಸು ಮೊದಲು ಮಕ್ಕಳು ಆಡುತ್ತಿದ್ದ ಓಣಿಗೆ ಬಿತ್ತು. ಮೇಲೆ ಹೇರಿದ್ದ ಕಲ್ಲುಗಳೂ ಜೊತೆಗೆ ಬಿದ್ದವು. ಸಡಿಲವಾದ ಮಾಡು ಅದರಡಿಯಲ್ಲಿ ವಾಸಿಸುವವರ ಪಾಲಿಗೆ ಮಾತ್ರವಲ್ಲ, ನೆರೆಯವರ ಪಾಲಿಗೂ ಮೃತ್ಯುವೇ ಸರಿ.

ಹಾಗಾದರೆ ಮಾಡಬೇಕಾದ್ದೇನು? ಹೇರುವುದಲ್ಲ, ಕಟ್ಟುವುದು. ಶೀಟು ರೀಪಿಗೆ, ರೀಪು ಪಕಾಸಿಗೆ, ಪಕಾಸು ಗೋಡೆಯ ಮೇಲಣ ತೊಲೆಗೆ, ಆ ತೊಲೆ ಗೋಡೆಯೊಳಗೆ ಆಳವಾಗಿ ಹೂತ ಕಬ್ಬಿಣಕ್ಕೆ ಬಿಗಿದಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ವ್ಯರ್ಥ. ಗಾಳಿಯ ಎಳೆತ ಹೆಚ್ಚಾಗಿರುವುದು ಮೂಲೆಗಳಲ್ಲಿ, ಅಂಚಿನಲ್ಲಿ, ಮಾಡಿನ ನೆತ್ತಿಯಲ್ಲಿ. ಅಲ್ಲಿ ಬೋಲ್ಟುಗಳು ಒತ್ತೊತ್ತಾಗಿರಲಿ. ಹಲವು ಬಗೆಯ ಹೆಂಚುಗಳ ಅಡಿಯಲ್ಲಿ ತಂತಿ ಪೋಣಿಸಲು ತೂತುಂಟು; ಅಂಚಿನ ಸಾಲುಗಳನ್ನಾದರೂ ರೀಪಿಗೆ ಬಿಗಿಯಬಹುದು. ಜಗಲಿಯ ಮಾಡನ್ನು ಮನೆಯ ಮಾಡಿನಿಂದ ಬೇರೆಯಾಗಿ ಕಟ್ಟಿದರೆ, ಅದು ಹೋದರೂ ಮನೆಯ ಮಾಡು ಉಳಿದೀತು. ತೀರ ಚಪ್ಪಟೆಯಾದ ಮಾಡಿಗಿಂತ ಸುಮಾರು ೩೦ ಡಿಗ್ರಿ ಇಳಿಜಾರಿನದು ಮೇಲು. ಎರಡು ಕಡೆಗೆ ಇಳಿಯುವುದಕ್ಕಿಂತ ನಾಲ್ಕೂ ಕಡೆಗೆ ಇಳಿಯುವುದು ಇನ್ನೂ ಮೇಲು.

ಗಾಳಿ ಬೀಸುವಾಗ ಒಂದು ಕಿಟಕಿ ತೆರೆದಿಟ್ಟರೆ ಒತ್ತಡ ಹೊರಟುಹೋಗುತ್ತದೆಂಬ ನಂಬಿಕೆಯೊಂದಿದೆ. ಅದು ಸರಿಯಲ್ಲ. ಒಳನುಗ್ಗಿದ ಗಾಳಿ ಕೆಳಗಿನಿಂದಲೂ ಮಾಡನ್ನು ಎತ್ತುತ್ತದೆ. ಬಾಗಿಲು, ಕಿಟಕಿ, ಅವುಗಳ ಅಗುಳಿಗಳು ಭದ್ರವಾಗಿರುವುದು ಮಾಡಿನ ರಕ್ಷಣೆಯೇ ಆಗಿದೆ.

೨೦೨೧ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಕಡಲಿನಲ್ಲೇ ಹಾಯ್ದು, ೧೭ರಂದು ಗುಜರಾತಿನ ನೆಲ ಸೇರಿತು. ಹಾದುಹೋದದ್ದಕ್ಕೇ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲಿ ಮನೆಗಳು ಹಾನಿಗೊಂಡವು. ಇಂಥ ವೇಳೆ ಮೊದಲು ಹೋಗುವುದು ಹಗುರವಾದ ಮಾಡು. ಹಗುರವಾದ ಮಾಡು ಇರುವುದು ಹೆಚ್ಚಾಗಿ ಬಡವರಿಗೆ. ಬಾಡಿಗೆಗಿರುವವರು ಬೋಲ್ಟು ಹಾಕಿಸಿರೆಂದು ಕೇಳಲು ಅಂಜುತ್ತಾರೆ. ಕೊಡಿಸಬೇಕಾದವರು ಮನೆಯೊಡೆಯರು.

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಪದ್ಧತಿ ಹೆಂಚಿನ ಮನೆಗಳಲ್ಲಿ ಇತ್ತು. ಒಡೆದ ಹೆಂಚು, ಗೆದ್ದಲು ತಿಂದ ರೀಪು, ಮಾಡಿನತ್ತ ವಾಲಿದ ಕೊಂಬೆ ಎಲ್ಲವೂ ಆಗ ಕಣ್ಣಿಗೆ ಬೀಳುತ್ತಿದ್ದವು. ಶೀಟಿನ ಮನೆಗೆ ಅಂಥ ದಿನವಿಲ್ಲ. ಯುಗಾದಿ ಕಳೆದ ಮೇಲೆ ಬಿಡುವಿನ ಒಂದು ಬೆಳಗ್ಗೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಬಲ್ಲ ಕೆಲಸಗಾರನೊಬ್ಬನನ್ನು ಕರೆದು ತುಕ್ಕು ಹಿಡಿದ ಬೋಲ್ಟುಗಳನ್ನು ಎಣಿಸಿ ಬದಲಾಯಿಸಿದರೆ, ಆ ಪದ್ಧತಿ ನಮ್ಮಲ್ಲಿ ಇನ್ನೊಂದು ರೂಪದಲ್ಲಿ ಉಳಿದೀತು.